ಓಬಳಮ್ಮನ ಒದೆ

ಅಂದು ಸಂಜೆ ಮಧುಗಿರಿಯಲ್ಲಿ ದೇಹದಾರ್ಢ್ಯ ಸ್ಪರ್ಧೆ. ಗೆಲ್ಲುವವನು ತಾನೇ ಎಂಬುದರಲ್ಲಿ ಭೀಮರಾಜುವಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗೆದ್ದ ಮೇಲೆ ಕಟ್ಟಬೇಕಾದ ಅಭಿನಂದನೆಯ ಫ್ಲೆಕ್ಸನ್ನು ಹಿಂದಿನ ದಿನವೇ ಬೀದಿ ತುದಿಗೆ ಕಟ್ಟಿಸಿಬಿಟ್ಟಿದ್ದ. ಎದೆಯೋ ಎದೆ, ತೋಳೋ ತೋಳು!

"ಸ್ಪರ್ಧೆ ಮುಗಿಯೋವರ್ಗೂ ಭಾರ ಇಳಿಸು, ಸೆಟ್ ಅರ್ಧ ಮಾಡು. ಮೈಗೆ ರೆಸ್ಟ್ ಬೇಕು," ಎಂದು ಜಿಮ್ಮಿನ ಕೋಚ್ ಮೋಹನ್ ಕುಮಾರ್ ಬಡಕೊಂಡಿದ್ದ.

"ರೆಸ್ಟು ಗಿಸ್ಟು ಎಲ್ಲಾ ನನ್ ಮುಂದೆ ಸೋಲೋಕೆ ಬರೋ ಶಿರಾದೋರ್ಗೆ ಹೇಳಿ ಸಾರ್!"

ಹೇಳಿದವನು ಸ್ಪರ್ಧೆಯ ಬೆಳಿಗ್ಗೆಯೇ ಜಿಮ್ಮಿಗೆ ನುಗ್ಗಿ, ಆರು ಸೆಟ್ ಮಾಡುವಲ್ಲಿ ಹದಿನೆಂಟು ಮಾಡಿದ. ಅದೂ ಸಾಲದೆ ಇನ್ನೂ ಇಪ್ಪತ್ತು ಕೆ.ಜಿ. ಏರಿಸಿ ರಾಡು ಎತ್ತಿದ. ಸೊಂಟ ಕಳಕ್ ಎಂದಿತು. ಹೊಲದಲ್ಲಿ ಕಳೆ ಕೀಳುವವನ ಹಾಗೆ ಬಗ್ಗಿಕೊಂಡೇ ಮನೆ ಸೇರಿದ.

ಬೀದಿಯೆಲ್ಲ ಜಮಾಯಿಸಿತು. ಒಬ್ಬರು ಉಪ್ಪಿನ ಶಾಖ ಎಂದರು, ಒಬ್ಬರು ಹರಳೆಣ್ಣೆ ಎಂದರು. ಎದುರುಮನೆಯ ಮುದುಕಿ ಓಬಳಮ್ಮ ಎಲ್ಲರನ್ನೂ ತಳ್ಳಿಕೊಂಡು ಒಳಗೆ ಬಂದಳು.

"ಸರೀರಿ ಅತ್ಲಾಗೆ! ಉಳುಕಿಗೆ ಎಣ್ಣೆ ಯಾಕೆ? ಕಾಲು ಮುಂದಾಗಿ ಹುಟ್ಟಿದೋರು ಮೂರು ಸಲ ಒದ್ರೆ ಓಡೋಯ್ತದೆ. ನಾನು ಅಂಗೇ ಹುಟ್ಟಿದೋಳು ಕಣಪ್ಪ!"

"ಮೆಲ್ಲಗೆ ಒದಿಯಜ್ಜಿ..."

ಓಬಳಮ್ಮ ಸೀರೆ ಎತ್ತಿ ಸಿಕ್ಕಿಸಿ ಒಂದು, ಎರಡು, ಮೂರು ಎಂದು ಒದ್ದಳು. ಏನಾಶ್ಚರ್ಯ! ಭೀಮರಾಜು ಲೈಟು ಕಂಬದಂತೆ ನೆಟ್ಟಗೆ ನಿಂತ. ಖುಷಿಗೆ ಅವನ ಕಣ್ಣಲ್ಲಿ ನೀರೇ ಬಂತು.

ಸುದ್ದಿ ಕೇಳಿ ಓಡಿ ಬಂದ ಮೋಹನ್ ಕುಮಾರ್ ಬೆನ್ನು ಮುಟ್ಟಿ ನೋಡಿ, "ಧೈರ್ಯದ ಮೇಲೆ ನಿಂತಿದ್ದೀಯ ಅಷ್ಟೇ. ಸ್ಟೇಜ್ ಹತ್ತಬೇಡ," ಎಂದ.

"ಕಾಲು ಮುಂದಾಗಿ ಹುಟ್ಟಿದೋರ ಒದೆ ಸಾರ್ ಇದು! ತಮಾಷೇನಾ?"

ಓಬಳಮ್ಮನ ಹೆಮ್ಮೆಯಂತೂ ಹೇಳತೀರದು. ಮಿಡಿಗೇಶಿಯಲ್ಲಿದ್ದ ಅಕ್ಕ ಕಾಟಮ್ಮನಿಗೆ ಫೋನು ಹಚ್ಚಿದಳು: "ಈಗ್ಲೇ ಬಸ್ ಹತ್ತಕ್ಕಾ! ನಾನು ಒದ್ದು ನಿಲ್ಲಿಸಿರೋ ಗಂಡಾಳ ನೋಡೀವಂತೆ!"

ಸಂಜೆ ಸ್ಪರ್ಧೆಯಲ್ಲಿ ಕೊನೆಗೆ ಉಳಿದವರು ಇಬ್ಬರೇ, ಶಿರಾದ ಹುಡುಗ ಮತ್ತು ಭೀಮರಾಜು. "ಬೆನ್ನು ತೋರಿಸಿ," ಎಂದರು ತೀರ್ಪುಗಾರರು. ಭೀಮರಾಜು ತಿರುಗಿ ಬೆನ್ನಿನ ಸ್ನಾಯುಗಳನ್ನು ರೆಕ್ಕೆಯಂತೆ ಅಗಲಿಸಿದ್ದೇ ತಡ, ಶಿಳ್ಳೆಯ ಮೇಲೆ ಶಿಳ್ಳೆ. ತೀರ್ಪುಗಾರರು ತಲೆದೂಗಿದರು. ಪಟ್ಟ ಕೈಗೆ ಬಂದ ಹಾಗೇ ಆಯಿತು!

ಮುಂದಿನ ಸಾಲಿನಲ್ಲಿ ಓಬಳಮ್ಮ ಎದ್ದು ನಿಂತಳು. "ನೋಡಕ್ಕಾ, ಅದೇ ಬೆನ್ನು! ಕಾಲು ಮುಂದಾಗಿ ಹುಟ್ಟಿದೋಳು ಒದ್ರೆ ಹೆಂಗಿರ್ತದೆ ನೋಡು!"

ಕಾಟಮ್ಮ ಹುಬ್ಬೇರಿಸಿದಳು. "ನೀನಾ? ಲೇ, ನೀನು ಹುಟ್ಟುವಾಗ ಬಾಗ್ಲಲ್ಲೇ ಕುಂತಿದ್ದೆ ನಾನು. ಎಲ್ಲಾರಂಗೆ ತಲೆ ಮುಂದಾಗೇ ಬಂದೆ. ಕಾಲು ಮುಂದಾಗಿ ಹುಟ್ಟಿದ್ದು ನಾನು ಕಣೇ! ಅವ್ವ ಎಷ್ಟು ಸಲ ಹೇಳಿಲ್ಲ?"

"ಅಯ್ಯೋ ಶಿವನೇ! ಅದು ನೀನಾ?"

ಅಕ್ಕತಂಗಿಯರ ಮಾತು ಭೀಮರಾಜುವಿನ ಕಿವಿಗೂ ಬಿತ್ತು. ಬಿದ್ದ ಕ್ಷಣವೇ ಸೊಂಟ ಮತ್ತೆ ಕಳಕ್ ಎಂದಿತು.

"ಈಗ ಮುಂದಕ್ಕೆ ತಿರುಗಿ," ಎಂದರು ತೀರ್ಪುಗಾರರು. ಶಿರಾದವನು ತಿರುಗಿದ. ಭೀಮರಾಜು ಅಲ್ಲೇ ಬಗ್ಗತೊಡಗಿದ. ಬಗ್ಗಿ ಬಗ್ಗಿ ಮೂಗು ಮೊಣಕಾಲಿಗೆ ತಾಗಿತು. ತೀರ್ಪುಗಾರರು ಸ್ವಲ್ಪ ಹೊತ್ತು ಕಾದು ನೋಡಿ, ಶಿರಾದವನ ಕೈ ಎತ್ತಿ ಹಿಡಿದರು.

ಅಷ್ಟರಲ್ಲಿ ಕಾಟಮ್ಮ ಕೈಚೀಲವನ್ನು ತಂಗಿಯ ಕೈಗೆ ತುರುಕಿ, ಸೀರೆ ಸಿಕ್ಕಿಸಿಕೊಂಡು, ಎದೆ ಸೆಟೆಸಿ ವೇದಿಕೆ ಹತ್ತಿದಳು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಬೋರ್ಲು ಮಲಗಪ್ಪ," ಎಂದಳು ಕಾಟಮ್ಮ. "ಈ ಸಲ ಅಸಲಿ ಕಾಲು."