ಕಿಟಕಿ ಇಲ್ಲದ ಖೋಲಿಯಲ್ಲಿ ನಾಲ್ಕು ಜನ

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದು ನನಗೆ ನೆನಪಿಲ್ಲ. ಹಾರವಾಡಕ್ಕೆ ಸೊಸೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ, ಹಾಲು ಕಾಸಲು ಹೋದರೂ ಒಂದು ಕತೆ ಹುಟ್ಟುತ್ತದೆ. ಹೀಗಿರುವಾಗ ಹಡಗಿನ ಪ್ರವಾಸ ಸುಮ್ಮನೆ ಮುಗಿದೀತೇ?

ಪ್ರವಾಸ ಅತ್ತೆಯ ಆಸೆ. ಮಾವ ನಲವತ್ತು ವರ್ಷ ಬೋಟಿನಲ್ಲಿ ಮೀನು ಹಿಡಿದವರು. ಅತ್ತೆ ಅಷ್ಟೇ ವರ್ಷ ಅಂಕೋಲೆ ಪೇಟೆಯಲ್ಲಿ ಮೀನು ಮಾರಿದವರು. ಆದರೆ ನಮ್ಮಲ್ಲಿ ಹೆಂಗಸರು ಮೀನಿನ ಬೋಟು ಹತ್ತುವ ರೂಢಿಯಿಲ್ಲ. ಮೀನು ದಡಕ್ಕೆ ಬಂದ ಮೇಲಷ್ಟೇ ಅವರ ರಾಜ್ಯ. ಮದುವೆಯಾದ ಹೊಸತರಲ್ಲಿ ಮಾವ, "ನಡು ಸಮುದ್ರದಲ್ಲಿ ಸೂರ್ಯ ನೀರಿಂದಲೇ ಏಳ್ತಾನೆ" ಎಂದಿದ್ದರಂತೆ. ಹಾರವಾಡದಲ್ಲಿ ಸೂರ್ಯ ಏಳುವುದು ಗುಡ್ಡದ ಹಿಂದಿನಿಂದ, ನೀರಿಗೆ ಇಳಿಯುವುದು ಸಂಜೆಗೆ. ಅತ್ತೆ ನಂಬಲಿಲ್ಲ. ಸಾಯುವುದರೊಳಗೆ ಒಮ್ಮೆ ಗಂಡನ ಪಕ್ಕದಲ್ಲೇ ನಿಂತು ಅದು ಖರೆಯೋ ಸುಳ್ಳೋ ನೋಡಿಬಿಡಬೇಕೆಂದು ಅಂದಿನಿಂದ ಹಟ ಹಿಡಿದು ಕೂತಿದ್ದರು.

೧. ಕೊಸರು

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಹಡಗು. ಟಿಕೆಟ್ ಮಾಡಿಸಲು ಕಾರವಾರದ ಏಜೆಂಟನ ಅಂಗಡಿಗೆ ನಾವು ನಾಲ್ವರೂ ಹೋದೆವು. ನಾನು, ನನ್ನ ಗಂಡ, ಅತ್ತೆ, ಮಾವ. ಏಜೆಂಟ ಒಳ್ಳೆಯ ಹುರುಪಿನವನು. ಬಾಲ್ಕನಿ ಇರುವ ಖೋಲಿ, ಕಿಟಕಿ ಇರುವ ಖೋಲಿ ಎಂದು ಚಿತ್ರಗಳನ್ನು ಒಂದೊಂದಾಗಿ ತೋರಿಸಿದ.

ಅತ್ತೆ ಕೇಳಿದರು: "ಕಿಟಕಿ ತೆಗೆದ್ರೆ ಎಂತ ಕಾಣ್ತದೆ ತಮಾ?"

"ಸಮುದ್ರ, ಅಮ್ಮಾ. ಎಲ್ಲಿ ನೋಡಿದ್ರೂ ಸಮುದ್ರ!"

"ಹಂಗಾರೆ ಬ್ಯಾಡ. ಇವ್ರಿಗೆ ಕಿಟಕಿ ಸಿಕ್ರೆ ನನ್ನ ಪ್ರವಾಸ ಮುಗೀತು. ಗಾಳಿ ಯಾವ ಕಡೆ, ನೀರು ಯಾವ ಬಣ್ಣ ಅಂತ ಅಲ್ಲೇ ಕೂತು ಬಿಡ್ತಾರೆ. ಮನೇಲೂ ಅದೇ ಕೆಲ್ಸ. ಕಿಟಕಿ ಇಲ್ದಿದ್ದು ಕೊಡು, ಆಗ ಮನ್ಷ ನನ್ನ ಸಂಗ್ಡ ಹೊರಗೆ ಬರ್ತಾರೆ."

ಮಾವ ಕಿಟಕಿಯ ಚಿತ್ರವನ್ನು ಏಜೆಂಟನ ಕಡೆ ಸರಿಸಿದರು. ಪ್ರವಾಸದ ಬಗ್ಗೆ ನಾನು ಒಂದು ತಿಂಗಳು ಮೊಬೈಲಿನಲ್ಲಿ ಓದಿ ತಲೆ ಕೆಡಿಸಿಕೊಂಡಿದ್ದೆ. ಇಷ್ಟು ಸರಳ ಲೆಕ್ಕ ನನಗೆ ಹೊಳೆದಿರಲಿಲ್ಲ ನೋಡಿ.

ಏಜೆಂಟ ಸಪ್ಪೆ ಮುಖ ಮಾಡಿಕೊಂಡು ನಾಲ್ವರಿಗೂ ಸೇರಿ ಒಂದೇ ಒಳಗಿನ ಖೋಲಿ ಬುಕ್ ಮಾಡಿದ. ಅಷ್ಟಕ್ಕೇ ಬಿಟ್ಟರೆ ಅತ್ತೆ ಮೀನು ಮಾರಿದ ಹೆಂಗಸೇ ಅಲ್ಲ. "ಕಿಟಕಿ ತೆಗ್ದು ಮಾರ್ತೆಯಲ್ಲ ತಮಾ, ಕೊಸರು ಎಂತ ಹಾಕ್ತೆ?"

ಲೆಕ್ಕದ ಮೇಲೆ ಒಂದೆರಡು ಕೊಸರು ಹಾಕದೆ ಅತ್ತೆ ಯಾರಿಗೂ ಮೀನು ಕೊಟ್ಟವರಲ್ಲ. ಪಾಪ, ಏಜೆಂಟ ಎರಡು ಟೊಪ್ಪಿ ಕೊಟ್ಟ. ಅತ್ತೆ ನಮ್ಮನ್ನು ಎಣಿಸಿದರು. ಅವನು ಮತ್ತೆರಡು ಕೊಟ್ಟ.

೨. ಗಾಳಿಯ ಚಿಂತೆ

ಸುದ್ದಿ ಕೇರಿಗೆಲ್ಲ ಹಬ್ಬಿತು. ಪಕ್ಕದ ಮನೆಯ ದೊಡ್ಡಮ್ಮ ಬಂದು ಕೂತು, ಸತ್ತವರ ಮನೆಗೆ ಬಂದವರ ಹಾಗೆ ನಿಟ್ಟುಸಿರು ಬಿಟ್ಟರು. "ಕಿಟಕಿ ಇಲ್ದ ಖೋಲಿಲಿ ಹಾಕ್ತಾರಂತೆ, ಹೌದೇ? ಗಾಳಿ ಎಲ್ಲಿಂದ ಬರ್ತದೆ? ಮೂರು ನಾಲ್ಕು ದಿವ್ಸ ಒಳಗೇ ಇದ್ರೆ ಮನ್ಷ ಬಾಡಿ ಹೋಗೂದಿಲ್ವಾ? ನನ್ನ ಟೇಬಲ್ ಫ್ಯಾನ್ ಆದ್ರೂ ತಕಂಡು ಹೋಗು."

ಎ.ಸಿ. ಇರುತ್ತದೆ ಎಂದು ನಾನು ವಿವರಿಸತೊಡಗಿದೆ. ದೊಡ್ಡಮ್ಮನ ತಲೆಗೆ ಹೋಗಲಿಲ್ಲ. ಅತ್ತೆ ಬಂಗಡೆ ಮೀನು ಹೆಚ್ಚುತ್ತಿದ್ದವರು ತಲೆ ಎತ್ತದೆ ಕೇಳಿದರು: "ಐಸ್ ಪೆಟ್ಟಿಗೆಗೆ ಕಿಟಕಿ ಅದೆಯೇ? ಬಂಗಡೆ ಬಾಡ್ತದೆಯೇ?"

ದೊಡ್ಡಮ್ಮ ಫ್ಯಾನಿನ ಮಾತು ಬಿಟ್ಟು ಎರಡು ಬಂಗಡೆ ಇಸಿದುಕೊಂಡು ಹೋದರು.

೩. ಹತ್ತು ಗಂಟೆಯ ನಸುಕು

ಏಜೆಂಟ ಮೊದಲೇ ಹೇಳಿದ್ದ, ಸುತ್ತಲೂ ನೀರೇ ಇರುವ ಬೆಳಗು ಎರಡೇ. ಹೋಗುವಾಗ ಒಂದು, ಬರುವಾಗ ಒಂದು. ಮೊದಲ ಬೆಳಗಿಗೆ ನಾವು ಅಲಾರಾಂ ಇಡಲಿಲ್ಲ. ನಲವತ್ತು ವರ್ಷ ನಾಲ್ಕು ಗಂಟೆಗೆ ಎದ್ದವರ ಎದುರು ಅಲಾರಾಂ ಇಡುವುದೆಂದರೆ ಅವಮಾನ ಮಾಡಿದ ಹಾಗಲ್ಲವೇ!

ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಖೋಲಿಯಲ್ಲಿ ಕಣ್ಣಿಗೆ ಕೈ ಕಾಣದಷ್ಟು ಕತ್ತಲೆ. ಮಾವ ಸಿಟ್ಟಿನಿಂದ, "ಇನ್ನೂ ನಸುಕಾಗ್ಲಿಲ್ಲ, ಯಾರು ಬಡೀತಿದ್ದದ್ದು?" ಎನ್ನುತ್ತ ಬಾಗಿಲು ತೆರೆದರು. ಹೊರಗೆ ಖೋಲಿ ಗುಡಿಸುವವನು ನಿಂತಿದ್ದ. ಗಂಟೆ ಹತ್ತಾಗಿತ್ತು.

ಆಮೇಲೆ ಎಲ್ಲ ತಿಳಿಯಿತು. ಇಷ್ಟು ವರ್ಷ ಮಾವನನ್ನು ಎಬ್ಬಿಸುತ್ತಿದ್ದದ್ದು ಕಿಟಕಿಯಿಂದ ಬರುವ ನಸುಕಿನ ಗಾಳಿ, ಅತ್ತೆಯನ್ನು ಎಬ್ಬಿಸುತ್ತಿದ್ದದ್ದು ಮಾವನ ಕೆಮ್ಮು. ಕಿಟಕಿ ಇಲ್ಲ, ಹಾಗಾಗಿ ಕೆಮ್ಮೂ ಇಲ್ಲ. ಇದ್ದ ಎರಡು ಬೆಳಗಿನಲ್ಲಿ ಒಂದು ಹೋಯಿತಲ್ಲ ಎಂದು ನನಗೆ ಅಳುವೇ ಬಂತು. ಅತ್ತೆ ಹಡಗು ಹಾರಿಹೋಗುವಂತೆ ಕೂಗುತ್ತಾರೆಂದು ಕಾದು ಕೂತೆವು.

ಅತ್ತೆ ನಿಧಾನವಾಗಿ ಕೂದಲು ಗಂಟು ಹಾಕಿಕೊಂಡರು. "ಇವ್ರು ಇಷ್ಟು ಚಂದ ಮಲ್ಗಿದ್ದು ನಾ ಯಾವತ್ತೂ ಕಂಡಿಲ್ಲ. ಇರ್ಲಿ ಬಿಡಿ, ಮಲ್ಗೂಕೆ ಅವ್ರಿಗೆ ಯಾವಾಗ ಆಗಿತ್ತು?"

ಎಂಥ ಹೆಂಗಸು ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ. ಮುಗಿಸುವುದರೊಳಗೆ ಅವರು ಮಾವನ ಕಡೆ ತಿರುಗಿದರು: "ಬರುವಾಗ ಮಲ್ಗಿದ್ರೆ ಮಾತ್ರ ಇಲ್ಲೇ ಬಿಟ್ಟು ಹೋಗೂದು."

೪. ಖರೆ

ವಾಪಸು ಬರುವ ದಿನ ನಾಲ್ಕು ಮೊಬೈಲಿನಲ್ಲೂ ಅಲಾರಾಂ ಇಟ್ಟೆವು. ಅತ್ತೆ ಸೀರೆ ಉಟ್ಟು, ಟೊಪ್ಪಿ ಹಾಕಿ, ಎಲ್ಲರಿಗಿಂತ ಮೊದಲು ಬಾಗಿಲ ಬಳಿ ನಿಂತಿದ್ದರು. ಡೆಕ್ಕಿಗೆ ಹೋದೆವು. ಗುಡ್ಡವಿಲ್ಲ, ದಡವಿಲ್ಲ, ಬರೀ ನೀರು. ಅತ್ತೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮಾವನ ತೋಳು ಹಿಡಿದುಕೊಂಡರು.

ನೀರಿನ ಅಂಚು ಕೆಂಪಾಯಿತು. ಸೂರ್ಯ ಸ್ವಲ್ಪಸ್ವಲ್ಪವಾಗಿ, ಖರೆಗೂ ನೀರಿನೊಳಗಿಂದಲೇ ಮೇಲೆ ಬಂದ. ನಾನು ಅರ್ಧ ಹೊತ್ತು ಅವನನ್ನು ನೋಡಿದೆ, ಇನ್ನರ್ಧ ಹೊತ್ತು ಅತ್ತೆಯ ಮುಖವನ್ನೇ ನೋಡಿದೆ. ಇಷ್ಟು ವರ್ಷದಲ್ಲಿ ಆ ಮುಖ ಹಾಗೆ ಅರಳಿದ್ದನ್ನು ಕಂಡಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಅತ್ತೆ ಹೇಳಿದರು: "ನೀವು ಹೇಳಿದ್ದು ಖರೆ."

ಮಾವ ಎದೆ ಉಬ್ಬಿಸಿದರು. "ಮತ್ತೆ? ನಾ ಯಾವತ್ತು ಸುಳ್ಳು ಹೇಳಿದ್ದೆ?"

"ಹಂಗಾರೆ ನನ್ನ ತಂಗಿ ಮದ್ವೆಗೆ ಬರ್ದೆ, ಬೋಟಿನ ಇಂಜಿನ್ ಕೆಟ್ಟು ಮಲ್ಪೆಲಿ ನಿಂತಿದ್ದೆ ಅಂದ್ರಲ್ಲ, ಅದೂ ಖರೆಯೇ?"

ಮಾವ ಎದುರಿಗಿದ್ದ ಸೂರ್ಯನನ್ನು ನೋಡಿದರು. ಅತ್ತೆಯನ್ನು ನೋಡಿದರು. ತೋಳನ್ನು ಮೆಲ್ಲಗೆ ಬಿಡಿಸಿಕೊಂಡು, "ಸೂರ್ಯಂದು ಮಾತ್ರ ಖರೆ" ಎಂದು ಚಾ ಹುಡುಕಿಕೊಂಡು ಒಳಗೆ ನಡೆದರು.