ಒಣಗಲೊಲ್ಲದ ಮೇಜು

ಅಂಗಡಿಯ ಯಾವ ವಾರ್ನಿಷ್ ಡಬ್ಬಿಯೂ ನನ್ನ ಮೇಜಿನ ಹತ್ತಿರ ಸುಳಿಯಕೂಡದು ಎಂದು ಅಕ್ಟೋಬರ್ ಮೊದಲ ವಾರ ನಾನು ಘೋಷಿಸಿದೆ. ನಾಲ್ಕು ತಿಂಗಳು ಗ್ಯಾರೇಜಿನಲ್ಲಿ ನಿಂತು, ಕೈಯಾರೆ ಕೊಯ್ದು, ಹತ್ತರಿ ಹೊಡೆದು, ಉಜ್ಜಿ ಉಜ್ಜಿ ಮಾಡಿದ ಅಕ್ರೋಟು ಮರದ ಊಟದ ಮೇಜು ಅದು! ಮಿನೆಸೋಟದ ರಸ್ತೆಗಳಲ್ಲಿ ಮೂವತ್ತೊಂದು ವರ್ಷ ಲಾರಿ ಓಡಿಸಿ ಹಿಮ ಬಾಚಿ ಬಳಿದವನು ನಾನು. ಮೇಜಿಗೆ ಎಣ್ಣೆ ಬಳಿಯುವುದು ಯಾವ ಮಹಾವಿದ್ಯೆ!

ನನ್ನ ಹುಮ್ಮಸ್ಸು ಹೆಂಡತಿ ಮಾರ್ಲಿಸ್‌ಗೂ ತಗುಲಿತು. ಅವಳು ತನ್ನ ಅಕ್ಕ ಡಾಗ್ನಿಗೆ ಫೋನ್ ಮಾಡಿ, ಈ ಸಲದ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ನಮ್ಮಲ್ಲಿಗೇ ಬಾ ಎಂದುಬಿಟ್ಟಳು. ಅಕ್ಕತಂಗಿ ಮಾತುಬಿಟ್ಟು ಆರು ವರ್ಷವಾಗಿತ್ತು. ಅವರಮ್ಮ ತೀರಿಕೊಂಡಾಗ, ಆಕೆ ಹೆಣೆದ ಲೇಸಿನ ಮೇಜುಹೊದಿಕೆ ಯಾರಿಗೆ ಎಂಬುದೇ ಜಗಳ. ಹೊದಿಕೆ ಡಾಗ್ನಿಯ ಪಾಲಾಯಿತು, ಮುನಿಸು ಮಾರ್ಲಿಸ್ ಪಾಲಾಯಿತು.

"ಬರ್ತಾಳಂತೆ," ಎಂದು ಮಾರ್ಲಿಸ್ ಫೋನಿಟ್ಟು ಕಣ್ಣೊರೆಸಿಕೊಂಡಳು. "ಆರ್ವಿಲ್, ಹಬ್ಬದ ಹೊತ್ತಿಗೆ ಮೇಜು ಮುಗಿಯತ್ತೆ ತಾನೆ?"

"ಮುಗಿಯೋದೇನು, ಅದರಲ್ಲಿ ಮುಖ ನೋಡ್ಕೋಬಹುದು!"

"ನಿನ್ನ ಮುಖ ದಿನಾ ನೋಡ್ತಾನೇ ಇದೀನಿ. ಊಟ ಮಾಡೋ ಹಾಗಿದ್ರೆ ಸಾಕು."

ಶುರುವಾಯಿತು ನನ್ನ ಸಂಶೋಧನೆ. ಅರಗಿನ ಪಾಲಿಶ್ ಹೊಳೆಯುತ್ತದೆ, ಆದರೆ ವಿಸ್ಕಿ ಚೆಲ್ಲಿದರೆ ಕರಗುತ್ತದೆ. ನಮ್ಮ ಬಂಧುಗಳೋ ಚೆಲ್ಲುವುದರಲ್ಲಿ ಪ್ರವೀಣರು. ಮೇಣದ ಮೇಲೆ ಬಿಸಿ ಪಾತ್ರೆ ಇಟ್ಟರೆ ಕಲೆ. ವಾರ್ನಿಷ್ ಬಳಿದರೆ ಮರಕ್ಕೆ ರೇನ್‌ಕೋಟು ತೊಡಿಸಿದ ಹಾಗೆ. ಅಗಸೆ ಎಣ್ಣೆ ಮರದ ಬಣ್ಣವನ್ನು ಎತ್ತಿ ತೋರಿಸುತ್ತದೆ, ಒಣಗಲು ಮಾತ್ರ ಅದಕ್ಕೆ ಪುರುಸೊತ್ತಿಲ್ಲ. ಇಪ್ಪತ್ತಮೂರು ತುಂಡು ಹಲಗೆಗಳಿಗೆ ಇಪ್ಪತ್ತಮೂರು ಬಗೆ ಬಳಿದು ಕಿಟಕಿ, ಟಿವಿ, ಸ್ನಾನದಮನೆ ಎನ್ನದೆ ಎಲ್ಲೆಡೆ ಜೋಡಿಸಿದೆ.

"ಯಾವುದು ಚೆನ್ನಾಗಿದೆ?" ಎಂದೆ.

"ಎಲ್ಲಾ ಕಂದು."

"ಏನೇ ನಿನ್ನ ಕಣ್ಣು! ನಿನ್ನ ಕೈಲಿರೋದನ್ನೇ ನೋಡು. ಆಹಾ, ಎಂಥಾ ಹೊಂಬಣ್ಣ! ಯಾವ ಎಣ್ಣೆ ಬಳಿದಿದ್ದೆ ಅದಕ್ಕೆ?"

"ಬೆಣ್ಣೆ. ಇದು ನನ್ನ ಟೋಸ್ಟು ಮಹಾರಾಯ!"

ಪಕ್ಕದ ಮನೆಯ ಹಾರ್ಲನ್ ಅರ್ಧ ಆಯುಷ್ಯ ಬಡಗಿ ಕೆಲಸದಲ್ಲೇ ಕಳೆದವನು. "ಅಂಗಡಿ ವಾರ್ನಿಷ್ ಎರಡು ಸಲ ಬಳಿ, ಮೂರು ದಿನಕ್ಕೆ ಮುಗೀತು," ಎಂದ. ಪಾಪ, ಅವನಿಗೇನು ಗೊತ್ತು! ಅಗಸೆ ಎಣ್ಣೆ, ಜೇನುಮೇಣ, ಪೈನ್ ಮರದ ಅಂಟು, ಮೂರನ್ನೂ ಕಾಯಿಸಿ ನನ್ನದೇ ದಿವ್ಯರಸಾಯನ ತಯಾರಿಸಿದೆ. ಬಳಿದ ಮೇಲೆ ಮಿಕ್ಕಿದ್ದನ್ನು ಒರೆಸಿ ತೆಗೆಯಬೇಕೆಂದು ಹಾರ್ಲನ್ ಬೇಲಿಯಾಚೆಯಿಂದ ಕೂಗಿದ. ಅಷ್ಟು ಒಳ್ಳೆಯ ರಸವನ್ನು ಒರೆಸಿ ಬಿಸಾಡಲು ನನಗೆ ಹುಚ್ಚೇ? ಧಾರಾಳವಾಗಿ ಐದು ಸಲ ಬಳಿದೆ. ಬಳಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಕೆಟ್ಟಿಗೆ ತುಂಬಿದೆ. ಮಧ್ಯಾಹ್ನ ಬಕೆಟ್ಟು ತಾನಾಗಿಯೇ ಹೊಗೆಯಾಡತೊಡಗಿತು! ಮಾರ್ಲಿಸ್ ಓಡಿಬಂದು ಅದನ್ನು ಹಿಮಕ್ಕೆ ಒದ್ದಳು.

"ಎಣ್ಣೆಬಟ್ಟೆ ಹೀಗೆ ಬಿಟ್ರೆ ಹೊತ್ಕೊಳ್ಳತ್ತೆ ಅಂತ ಎಣ್ಣೆ ಡಬ್ಬಿ ಮೇಲೇ ಬರೆದಿದೆ!"

"ಡಬ್ಬಿ ಓದೋದು ಹೊಸಬರು ಕಣೇ!"

ಬಟ್ಟೆಗಿದ್ದ ಬಿಸಿ ಮೇಜಿಗೆ ಬರಲಿಲ್ಲ. ನವೆಂಬರಿನ ಗ್ಯಾರೇಜು, ಕೊರೆಯುವ ಚಳಿ. ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಬೆರಳಿಟ್ಟು ನೋಡಿದೆ, ಜೇನುತುಪ್ಪ! ಮೇಜನ್ನು ಒಳಗೆ ಹೊತ್ತು ತಂದು, ಹೀಟರ್ ಹಚ್ಚಿ, ಹೆಂಡತಿಯ ಹೇರ್ ಡ್ರೈಯರ್ ಹಿಡಿದು, ಬಾಣಂತಿಗೆ ಮಾಡುವ ಹಾಗೆ ಆರೈಕೆ ಮಾಡಿದೆ. ಹಬ್ಬದ ಬೆಳಿಗ್ಗೆ ಮೇಲೆ ತೆಳುವಾದ ಕೆನೆ ಕಟ್ಟಿತ್ತು. ಮೆಲ್ಲಗೆ ಮುಟ್ಟಿದರೆ ಅಂಟುತ್ತಿರಲಿಲ್ಲ. ಗೆದ್ದೆ ಎಂದುಕೊಂಡೆ.

ಡಾಗ್ನಿ ಬಂದಳು. ಬಾಗಿಲಲ್ಲೇ ಒಂದು ಗಂಟು ಚಾಚಿದಳು. "ಅಮ್ಮನ ಹೊದಿಕೆ. ಇವತ್ತೊಂದಿನ ಹಾಸೋಣ ಅಂತ ತಂದೆ. ಸಂಜೆ ತಗೊಂಡು ಹೋಗ್ತೀನಿ, ಆಸೆ ಇಟ್ಕೋಬೇಡ."

ನನ್ನ ಗಂಟಲು ಒಣಗಿತು. ಆ ಮನೆಯಲ್ಲಿ ಅವತ್ತು ಸರಿಯಾಗಿ ಒಣಗಿದ್ದು ಅದೊಂದೇ! "ಮರ ಕಾಣಲಿ ಅಂತಿದ್ದೆ..." ಎಂದೆ.

"ನಿನ್ನ ಮರ ಎಲ್ಲೂ ಓಡಿಹೋಗಲ್ಲ," ಎಂದು ಡಾಗ್ನಿ ಹಾಸಿಯೇಬಿಟ್ಟಳು.

ಅದರ ಮೇಲೆ ಬಿಸಿಬಿಸಿ ಟರ್ಕಿ ಕೋಳಿ ಬಂತು, ಆಲೂಗಡ್ಡೆ ಬಂತು, ಹಬೆಯಾಡುವ ಸಾರಿನ ಬೋಗುಣಿ ಬಂತು. ಅಕ್ಕತಂಗಿ ಅಳೆದು ತೂಗಿ ಹವಾಮಾನದ ಮಾತಾಡಿದರು. ಕೆನೆಯ ಕೆಳಗೆ ನನ್ನ ರಸಾಯನ ಸದ್ದಿಲ್ಲದೆ ಕರಗುತ್ತಿತ್ತು.

ಊಟ ಮುಗಿದು ತಟ್ಟೆಗಳೆಲ್ಲ ಎದ್ದವು. ಡಾಗ್ನಿ ಹೊದಿಕೆಯ ತುದಿ ಹಿಡಿದು ಎಳೆದಳು. ಮೇಜೇ ಅವಳ ಹಿಂದೆ ಹೊರಟಿತು!

"ಬಿಡು ಅಕ್ಕಾ, ಹರಿಯತ್ತೆ!" ಎಂದು ಮಾರ್ಲಿಸ್ ಕಿರುಚಿದಳು. ಇಬ್ಬರೂ ಮೊಣಕಾಲೂರಿ ನೋಡಿದರು. ಅಮ್ಮನ ಲೇಸಿನ ಒಂದೊಂದು ಹೂವೂ ನನ್ನ ಅಂಟಿನೊಳಗೆ ಹೂತಿತ್ತು. ಇಬ್ಬರೂ ಬಿಳಿಚಿಕೊಂಡರು. ಇನ್ನಾರು ವರ್ಷದ ಜಗಳವನ್ನು ನಾನೇ ಕೈಯಾರೆ ತಂದಿಟ್ಟೆ ಎಂದುಕೊಂಡು ನೆಲ ನೋಡುತ್ತ ನಿಂತೆ. ನಗುವುದಕ್ಕೆ ನನಗೂ ಆಗಲಿಲ್ಲ.

"ಅಮ್ಮ ಇದ್ದಿದ್ರೆ," ಎಂದಳು ಡಾಗ್ನಿ ನಿಧಾನವಾಗಿ, "ಇವನನ್ನೂ ಇದರ ಜೊತೇಲೇ ಅಂಟಿಸ್ತಿದ್ಳು."

"ಬೋರಲಾಗಿ!" ಎಂದಳು ಮಾರ್ಲಿಸ್.

ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು. ನಕ್ಕು ನಕ್ಕು ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಅತ್ತರು. ನಂಟು ಕೂಡಿಸಲು ಅಂಟೇ ಬೇಕಾಯಿತು!

ಹೊದಿಕೆ ನಮ್ಮಲ್ಲೇ ಉಳಿಯಿತು. ಅದನ್ನು ನೋಡುವ ನೆಪದಲ್ಲಿ ಡಾಗ್ನಿ ಪ್ರತಿ ಭಾನುವಾರ ಬರುತ್ತಾಳೆ. ಬಂದವರೆಲ್ಲ ಲೇಸನ್ನು ಹೊಗಳುತ್ತಾರೆ. ಕೆಳಗೆ ಮರ ಇದೆಯೆಂಬುದು ಯಾರಿಗೂ ಹೊಳೆಯುವುದಿಲ್ಲ. ಹೋದ ವಾರ ಧೈರ್ಯ ಮಾಡಿ, "ಜೊತೆಗೆ ನಾಲ್ಕು ಕುರ್ಚಿನೂ ಮಾಡಲಾ?" ಎಂದೆ.

ಅಕ್ಕತಂಗಿ ಮುಖ ಮುಖ ನೋಡಿಕೊಂಡರು.

"ಮಾಡು, ಖಂಡಿತ ಮಾಡು," ಎಂದಳು ಡಾಗ್ನಿ. "ಎಣ್ಣೆನೂ ನಿಂದೇ ಬಳಿ."

"ಬಳಿದ ತಕ್ಷಣ," ಎಂದಳು ಮಾರ್ಲಿಸ್, "ಮೊದಲು ನೀನೇ ಕೂತ್ಕೋ. ಮನೇಲಿ ಸ್ವಲ್ಪ ದಿನ ನೆಮ್ಮದಿಯಾಗಿರ್ತೀವಿ."