ಜೀಪನ್ನು ಹಿಂದೆ ಹಾಕಿದ ಮನೆ

“ಈ ಗಾಡಿಗೆ ಒಬ್ಬನೇ ಒಬ್ಬ ಮಿಸ್ತ್ರಿ ಕೈ ಹತ್ತಿತಂದ್ರ, ನಾ ಉಳವಪ್ಪ ಮಾಸ್ತರನ ಅಲ್ಲ!”

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ದೀಪಾವಳಿ ಮುಗಿದ ವಾರ, ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯ ಅಂಗಳದಲ್ಲಿ ಎದೆಯುಬ್ಬಿಸಿ ನಿಂತು ನಾನು ಹೀಗೆ ಸಾರಿದೆ. ನನ್ನ ಹೆಂಡತಿ ಕಾಂತಾ ಒಗೆದ ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತದೆ ಕೇಳಿದಳು.

“ಹಂಗಾರ ನಿಮ್ಮ ಹೆಸರು ಏನಂತ ಇಡೂಣು?”

ರಸ್ತೆ ಮಾಡುವ ರೋಡ್ ರೋಲರಿನ ಹಿಂದೆ ನಾಲ್ಕು ಗಾಲಿಯ ಡಬ್ಬಿಯಂಥ ಗಾಡಿಯೊಂದು ಹೋಗುವುದನ್ನು ನೀವು ನೋಡಿರಬಹುದು. ರೋಲರ್ ನಡೆಸುವವರು ಅದರಲ್ಲೇ ಅಡಿಗೆ ಮಾಡಿಕೊಂಡು ಮಲಗುತ್ತಾರೆ. ನನ್ನ ಬಾಲ್ಯದ ಗೆಳೆಯ, ರಸ್ತೆ ಗುತ್ತಿಗೆದಾರ ಗುರುಪಾದಪ್ಪನ ಹತ್ತಿರ ಅಂಥದೊಂದು ಗಾಡಿ ಮಳೆ ಬಿಸಿಲಿಗೆ ಬಿದ್ದಿತ್ತು. “ಬೇಕಾದ್ರ ಒಯ್ಯಪಾ, ಅದರಾಗ ಕೋಳಿ ಸುದ್ದಾ ಇರವಲ್ವು” ಎಂದು ಕೊಟ್ಟುಬಿಟ್ಟಿದ್ದ.

ನನಗೆ ಅದು ಬೇಕಾಗಿದ್ದು ಅತ್ತೆಯವರಿಗಾಗಿ. ಅತ್ತೆ ಬಸವಣ್ಣೆವ್ವ ಬೆನ್ನುನೋವಿನಿಂದ ನಮ್ಮಲ್ಲೇ ಇದ್ದರು. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವಂತಿರಲಿಲ್ಲ. ಖಾನಾಪುರದಲ್ಲಿದ್ದ ಅವರ ಅಕ್ಕ ಗೌರವ್ವನ ಮುಖ ನೋಡಿ ಮೂರು ವರ್ಷವಾಗಿತ್ತು. ಆ ಅಕ್ಕನೂ ಹಾಸಿಗೆ ಹಿಡಿದ ಸುದ್ದಿ ಬಂದಾಗಿನಿಂದ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಬಸ್ಸಿನಲ್ಲಿ ಕೂತು ಹೋಗಲಾರದವರು ಮಲಗಿಕೊಂಡೇ ಹೋದರಾಯಿತಲ್ಲ! ಗಾಲಿಯ ಮೇಲೊಂದು ಮನೆ, ಮನೆಯೊಳಗೊಂದು ಹಾಸಿಗೆ, ಮುಂದೆ ಗುರುಪಾದಪ್ಪನ ಜೀಪು!

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ದೊಡ್ಡ ಹಾಳೆಯ ಮೇಲೆ ಗಾಡಿಯ ನಕ್ಷೆ ಬರೆದೆ. ಕಿಟಕಿಗೆ ಪರದೆ, ಮೂಲೆಯಲ್ಲಿ ಸ್ಟೋವು, ಛಾವಣಿಯ ಮೇಲೆ ನೀರಿನ ಟಾಕಿ. ಮುಂಬಯಿಯವರು ಮಾಸ್ಟರ್ ಪ್ಲಾನ್ ಅನ್ನುತ್ತಾರಲ್ಲ, ಇದು ಅಪ್ಪಟ ಮಾಸ್ತರ ಪ್ಲಾನ್!

“ಸೋರೂದು ಎಲ್ಲಿ ತೋರಿಸೀರಿ?” ಎಂದಳು ಕಾಂತಾ.

“ಇದರಾಗ ಸೋರೂದ ಇಲ್ಲ.”

“ಹಾಳಿಮ್ಯಾಗ ಮಳಿ ಬರೂದಿಲ್ಲ ಬಿಡ್ರಿ.”

ಛಾವಣಿಯ ತೂತುಗಳಿಗೆ ಡಾಂಬರು ಬಳಿದೆ. ಮಧ್ಯಾಹ್ನದ ಬಿಸಿಲಿಗೆ ಅದು ಕರಗಿ, ಒಳಗೆ ಮಲಗಿ ಪರೀಕ್ಷಿಸುತ್ತಿದ್ದ ನನ್ನ ಬೋಳುತಲೆಯ ಮೇಲೆ ಇಳಿಯಿತು. ಮೂರು ದಿನ ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಶಾಲೆಯಲ್ಲಿ ಹೆಡ್ ಮಾಸ್ತರರು, “ಏನ್ರಿ ಉಳವಪ್ಪ, ಕೂದಲಾ ಬಂದಾವಲ್ರಿ!” ಎಂದು ಅಭಿನಂದಿಸಿದರು. ಆಮೇಲೆ ಬಾಗಿಲಿಗೆ ಹೊಸ ಹಿಡಿಕೆ ಕೂಡಿಸಿದೆ. ಒಳಗೆ ಇರಬೇಕಾದ ಹಿಡಿಕೆಯನ್ನೂ ಹೊರಗೇ ಕೂಡಿಸಿದ್ದೇನೆಂಬುದು ಬಾಗಿಲು ಹಾಕಿಕೊಂಡ ಮೇಲೆ ತಿಳಿಯಿತು. ಹೊರಗಿನಿಂದ ಕಾಂತಾ ಜಗ್ಗಿದರೆ ಎರಡೂ ಹಿಡಿಕೆ ಅವಳ ಕೈಗೇ ಕಿತ್ತು ಬಂದವು. ಆ ಭಾನುವಾರ ಅರ್ಧ ದಿನ ನಾನು ನನ್ನ ಸೃಷ್ಟಿಯ ಗರ್ಭದಲ್ಲೇ ಕಳೆದೆ. ನೀರಾವರಿ ಕಚೇರಿಯ ಗುಮಾಸ್ತರಿಂದ ಹಿಡಿದು ಹಾಲಿನವನವರೆಗೆ ಇಡೀ ಓಣಿ ಬಂದು ನೋಡಿ ಹೋಯಿತು. ಕಾಂತಾ ಕಿಟಕಿಯಿಂದ ರೊಟ್ಟಿ ಪಲ್ಯ ಕೊಟ್ಟಳು.

“ಬಾಜೂಕ ಅಮೀನಸಾಬರ ಗ್ಯಾರೇಜ ಐತಿ. ಒಂದ ಮಾತ ಕರೀಲೇನ್ರಿ?”

“ಮಿಸ್ತ್ರಿ ಮಾತ ತೆಗೀಬ್ಯಾಡ!” ಎಂದು ರೊಟ್ಟಿ ತುಂಬಿದ ಬಾಯಲ್ಲೇ ಗುಡುಗಿದೆ.

ಕೊನೆಗೆ ಉಳಿದಿದ್ದು ಗಾಡಿಯನ್ನು ಜೀಪಿಗೆ ಸಿಕ್ಕಿಸುವ ಗೂಟ. ಹಳೆಯದು ತುಕ್ಕು ಹಿಡಿದಿತ್ತು. ನಮ್ಮ ಮಂಚದಿಂದ ಒಂದು ಉದ್ದನೆಯ ಬೋಲ್ಟು ಬಿಚ್ಚಿ ತಂದೆ. ಹದಿನೈದು ವರ್ಷ ನಮ್ಮಿಬ್ಬರನ್ನು ಹೊತ್ತ ಬೋಲ್ಟಿಗೆ ಹದಿನಾರು ಮೈಲಿ ಯಾವ ಲೆಕ್ಕ?

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಹೊರಟೆವು. ತಿಳಿನೀಲಿ ಬಣ್ಣ, ಕೆಂಪು ಪರದೆ, ಒಳಗೆ ಮೆತ್ತನೆಯ ಗಾದಿಯ ಮೇಲೆ ಅತ್ತೆ, ಪಕ್ಕದಲ್ಲಿ ಕಾಂತಾ. ಜೀಪಿನಲ್ಲಿ ಗುರುಪಾದಪ್ಪ ಮತ್ತು ನಾನು. ದಾರಿಯ ಎರಡೂ ಬದಿಯ ಜನ ಬೆರಗಾಗಿ ನಿಂತು ನೋಡಿದರು. ಒಂದು ಊರಿನಲ್ಲಿ ಯಾರೋ, “ಸಿನೇಮಾ ಎಲ್ಲಿ ಹಾಕ್ತೀರಿ?” ಎಂದು ಕೂಗಿದರು. ನಾನು ಮಹಾರಾಜನಂತೆ ಕೈ ಬೀಸಿದೆ.

ಖಾನಾಪುರ ಇನ್ನು ಎರಡು ಮೈಲಿ ಇತ್ತು. ರಸ್ತೆ ಉದ್ದಕ್ಕೆ ಇಳಿಜಾರು. ದೊಡ್ಡದೊಂದು ತಗ್ಗಿನಲ್ಲಿ ಜೀಪು ಧಡ್ ಎಂದು ಹಾರಿ ಇಳಿಯಿತು. ಗುರುಪಾದಪ್ಪ ಹುಬ್ಬು ಗಂಟಿಕ್ಕಿದ.

“ಮಾಸ್ತರ, ಜೀಪ ಒಮ್ಮೆಲೆ ಹಗರಾತಲ್ಲೋ!”

“ಆಗದ ಏನ? ಗಾಲಿಗೆ ಗ್ರೀಸ್ ತುಂಬಿದಾಂವ ಯಾರು!”

ಅವನು ಅಚ್ಚರಿಯಿಂದ ಎಕ್ಸಿಲರೇಟರಿನ ಮೇಲಿನ ಕಾಲು ತೆಗೆದು ಜೀಪನ್ನು ಎಡಕ್ಕೆ ಸರಿಸಿದ. ಆಗ ನಮ್ಮ ಬಲಗಡೆಯಿಂದ ಒಂದು ಮನೆ ಬಂತು.

ತಿಳಿನೀಲಿ ಬಣ್ಣದ, ಕೆಂಪು ಪರದೆಯ, ಚೆಂದದ ಮನೆ! ಜೀಪಿಗೆ ಸಿಕ್ಕಿಸಿದ್ದ ಮುಂದಿನ ಕಬ್ಬಿಣದ ಮೂಕಿ ರಸ್ತೆಗೆ ತಿಕ್ಕಿ ಕಿಡಿ ಹಾರುತ್ತಿತ್ತು. ಟಾಕಿಯ ನೀರು ಬಿಸಿಲಿಗೆ ಮುತ್ತಿನಂತೆ ಚಿಮ್ಮುತ್ತಿತ್ತು. ಅಷ್ಟು ಸುಂದರವಾದ ಗಾಡಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ‘ಯಾರ ಮನೆಯಪ್ಪಾ ಇದು’ ಎಂದು ಬಾಯಿ ತೆರೆದು ನೋಡುತ್ತಿರುವಾಗಲೇ ಕಿಟಕಿಯಲ್ಲಿ ಕಾಂತಾಳ ಮುಖ ಹಾದುಹೋಯಿತು. ಅವಳು ನನ್ನ ಕಡೆ ನೋಡಲಿಲ್ಲ. ಹಲ್ಲು ಕಚ್ಚಿ ಏನನ್ನೋ ಜಗ್ಗುತ್ತಿದ್ದಳು.

“ಕಾಂತಾ!” ಎಂದು ಚೀರಿದೆ.

ಎದುರಿಗೆ ಹುಲ್ಲು ಹೇರಿದ ಚಕ್ಕಡಿಯೊಂದು ಏರುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಕಿರ್ರ್ ಎಂದು ಭೂಮಿ ಸೀಳುವಂಥ ಸದ್ದು. ಕಣ್ಣು ತೆರೆದಾಗ ಗಾಡಿ ಚಕ್ಕಡಿಗಿಂತ ಮೊದಲೇ ವೇಗ ಕಳೆದುಕೊಂಡು, ರಸ್ತೆ ಬಿಟ್ಟು ಕೊಯ್ಲಾದ ಭತ್ತದ ಗದ್ದೆಗೆ ಇಳಿದು, ಒಂದು ಬಣವೆಗೆ ಮೂಗು ತಾಗಿಸಿ ನಿಂತಿತ್ತು.

ಓಡಿದೆ. ಒಂದು ಚಪ್ಪಲಿ ರಸ್ತೆಯಲ್ಲಿ, ಇನ್ನೊಂದು ಗದ್ದೆಯಲ್ಲಿ ಉಳಿಯಿತು. ಬಾಗಿಲು ತೆರೆದರೆ ಅತ್ತೆ ಮಲಗಿಕೊಂಡು ಎಲೆಅಡಿಕೆ ಅಗಿಯುತ್ತಿದ್ದರು. ಕಾಂತಾ ನೆಲದ ಮೇಲೆ ಕೂತು, ಸ್ಟೋವಿನ ಪಕ್ಕದ ಕಬ್ಬಿಣದ ಕೋಲನ್ನು ಎರಡೂ ಕೈಯಿಂದ ಹಿಡಿದಿದ್ದಳು. ಅಂಗೈ ಕೆಂಪಗೆ ಸುಲಿದಿತ್ತು. ಎಂಟು ದಿನದಿಂದ ನಾನು ಆ ಕೋಲಿಗೆ ಟವೆಲ್ಲು ಹಾಕುತ್ತಿದ್ದೆ!

“ಕಾಂತಾ, ಇದು...?”

“ಬ್ರೇಕ್ರಿ. ನೀವು ಸಾಲಿಗೆ ಹೋದಾಗ ಅಮೀನಸಾಬರು ಹಾಕಿಕೊಟ್ರು. ‘ವೈನಿ, ಮಂಚದ ಬೋಲ್ಟ ನಂಬಬ್ಯಾಡ್ರಿ’ ಅಂದ್ರು.”

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ಬಿಚ್ಚಿ, ಇನ್ನೂ ಚಲೋ ಮಾಡ್ತಿದ್ರಿ.”

 ಮೆಟ್ಟಿಲ ಮೇಲೆ ಕೂತೆ. ಹದಿನೈದು ವರ್ಷ ಒಂದೇ ಸೂರಿನಡಿ ಬಾಳಿದ ಈ ಹೆಂಗಸು ಯಾರು? ಮೂರು ಮಧ್ಯಾಹ್ನ ಅಮೀನಸಾಬರ ಮುಂದೆ ಕೋಲು ಜಗ್ಗಿ ರೂಢಿ ಮಾಡಿಕೊಂಡಿದ್ದಳಂತೆ. ಸಂಜೆ ನಾನು ಬಂದಾಗ ಏನೂ ಗೊತ್ತಿಲ್ಲದವಳಂತೆ ಚಹಾ ಕೊಟ್ಟಿದ್ದಳು. ಅವಳ ಅಂಗೈಗೆ ನನ್ನ ಕರವಸ್ತ್ರ ಸುತ್ತಿದೆ.

ಗದ್ದೆಯ ಮಾಲಕ ಕರೆಪ್ಪ ಓಡಿ ಬಂದ. ಬೈಯುತ್ತಾನೆಂದುಕೊಂಡರೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗಿನ ಬ್ರೇಕನ್ನು ಇಣುಕಿ ನೋಡಿ, ಕಾಂತಾಳಿಗೆ ಕೈ ಮುಗಿದ. “ಅಬಬಾ! ನಮ್ಮ ಎತ್ತು ಉಳಿಸಿದ್ರಿ ತಾಯಿ!” ಚಕ್ಕಡಿಯೂ ಅವನದೇ! ತನ್ನ ಮನೆಯಿಂದ ಹೆಬ್ಬೆರಳು ಗಾತ್ರದ ಉಕ್ಕಿನ ಗೂಟವನ್ನೂ ಸರಪಳಿಯನ್ನೂ ತಂದ. ನಾನು ಸಹಾಯಕ್ಕೆ ಬಗ್ಗಿದೆ.

“ಅವರನ್ನ ಗಾಡಿ ಮುಟ್ಟಾಕ ಬಿಡಬ್ಯಾಡ್ರಿ!” ಎಂದಳು ಕಾಂತಾ. ಗುರುಪಾದಪ್ಪ ನನ್ನನ್ನು ಜೀಪಿನಲ್ಲಿ ಕೂರಿಸಿ, ಸಣ್ಣ ಮಕ್ಕಳಿಗೆ ಹೇಳುವಂತೆ, ಕೈ ಕಟ್ಟಿಕೊಳ್ಳಲು ಹೇಳಿದ.

ಖಾನಾಪುರ ಮುಟ್ಟಿದೆವು. ಗೌರವ್ವ ಹಾಸಿಗೆ ಬಿಟ್ಟೆದ್ದು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಗಾಡಿಯನ್ನು ಬಾಗಿಲಿಗೇ ತಂದು ನಿಲ್ಲಿಸಿದೆವು. ಅಕ್ಕ ಮೆಟ್ಟಿಲೇರಿ ತಂಗಿಯ ಹಾಸಿಗೆಯ ಅಂಚಿನಲ್ಲಿ ಕೂತರು. ಇಬ್ಬರೂ ಒಬ್ಬರ ಕೆನ್ನೆ ಒಬ್ಬರು ಸವರಿ ಅತ್ತರು. ಹೊರಗೆ ನಿಂತ ನನ್ನ ಕಣ್ಣೂ ತುಂಬಿತು. ಏನಾದರೂ ಆಗಲಿ, ಕರೆತಂದೆನಲ್ಲ! ಎದೆ ಸ್ವಲ್ಪ ಉಬ್ಬುತ್ತಿತ್ತು.

“ದಾರ್ಯಾಗ ಭಾಳ ತ್ರಾಸ ಆತೇನವಾ?” ಎಂದು ಗೌರವ್ವ ಕೇಳಿದರು.

“ಆಗದ ಇರತೈತೇನಕ್ಕಾ? ಬೆಳಗಾಂವಿಂದ ಬರೇ ಧಡಾಧಡಾ, ಬೆನ್ನ ಮುರಧಂಗ ಆತು. ನಡುವ ಒಂದೀಟ ಹೊತ್ತು ಅಳ್ಯಾರು ಆ ಜೀಪ ಬಿಚ್ಚಿದ್ರ ನೋಡು, ತೊಟ್ಟಿಲ ತೂಗಿಧಂಗ ಹೋತು! ಹೋಗೂ ಮುಂದ ಮದಲಿಂದನ ಬಿಚ್ಚಿಬಿಡಾಕ ಹೇಳ ಅವರಿಗೆ.”